ಇಬ್ಬರು ಡಾಕ್ಟರಿರುವ ಕ್ಲಿನಿಕ್‌ನ ಗುಣಮಟ್ಟ, ಸುರಕ್ಷತೆ ಪರಿಶೀಲನೆ: ಅರ್ಧ ದಿನದಲ್ಲಿ ಎಂತೆಲ್ಲ ನೋಡಬೇಕು?

ಪಡುಬಿದ್ರಿ_ಟ್ರಸ್ಟಿ:

ಎಲ್ಲರಿಗೂ ನಮಸ್ಕಾರ. ಪಡುಬಿದ್ರಿ ಹತ್ತಿರ ನಮ್ಮ ಟ್ರಸ್ಟಿನ ಕಟ್ಟಡದಲ್ಲಿ ಇಬ್ಬರು ಎಂಬಿಬಿಎಸ್ ಡಾಕ್ಟರು ಕ್ಲಿನಿಕ್ ನಡೆಸುತ್ತಾರೆ. ಒಳರೋಗಿಗಳಿಲ್ಲ. ಡ್ರಿಪ್ ಹಾಕಲಿಕ್ಕೆ ಎರಡು ಮಂಚ, ಡ್ರೆಸ್ಸಿಂಗ್ ಮಾಡಿ ಹೊಲಿಗೆ ಹಾಕುವ ಒಂದು ಕೋಣೆ, ಮಕ್ಕಳ ಲಸಿಕೆಗೆ ಫ್ರಿಜ್, ಇಸಿಜಿ, ನೆಬ್ಯುಲೈಸರ್, ಒಂದು ಆಕ್ಸಿಜನ್ ಸಿಲಿಂಡರ್, ಶುಗರ್, ಹಿಮೋಗ್ಲೋಬಿನ್, ಮಲೇರಿಯಾ ನೋಡುವಷ್ಟು ಸಣ್ಣ ಲ್ಯಾಬ್. ಸ್ಕ್ಯಾನಿಂಗ್, ಎಕ್ಸ್‌ರೇ ಇಲ್ಲ. ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಯ ನವೀಕರಣ ಹತ್ತಿರ ಬರ್ತಾ ಉಂಟು. ಅದಕ್ಕಿಂತ ಮೊದಲು ಟ್ರಸ್ಟಿನ ಕಡೆಯಿಂದಲೇ ಒಂದು ಪರಿಶೀಲನೆ ಆಗಲಿ ಎಂದಾಗ ಡಾಕ್ಟರಿಬ್ಬರೂ ಒಪ್ಪಿದ್ದಾರೆ. ಹೋಗುವವರು ಮೂವರು: ನಿವೃತ್ತ ಸ್ಟಾಫ್ ನರ್ಸ್ ಒಬ್ಬರು, ಫಾರ್ಮಸಿಸ್ಟ್ ಒಬ್ಬರು, ಲೆಕ್ಕಪತ್ರ ನೋಡುವ ನಾನು. ಸಿಗುವುದು ಒಂದು ಬೆಳಿಗ್ಗೆ, 9ರಿಂದ 1 ಗಂಟೆ.

ಫೈಲಿನಲ್ಲಿ ಸರ್ಟಿಫಿಕೇಟುಗಳೆಲ್ಲ ಸರಿಯಾಗಿವೆ. ಅವನ್ನು ಓದಿ ಟಿಕ್ ಹಾಕಿ ಬಂದರೆ ರೋಗಿಗೆ ಏನೂ ಉಪಯೋಗ ಇಲ್ಲ. ಎಲ್ಲಿಂದ ಶುರು ಮಾಡಬೇಕು, ನಿಜವಾದ ಅಪಾಯ ಎಲ್ಲಿರುತ್ತದೆ, ಯಾವುದನ್ನು ಕೈಯಲ್ಲಿ ಹಿಡಿದೇ ನೋಡಬೇಕು? ಗೊತ್ತಿದ್ದವರು ವಿವರವಾಗಿ ತಿಳಿಸಿ.

ಉಡುಪಿ_ಸೋಂಕು_ನಿಯಂತ್ರಣ_ನರ್ಸ್:

ಸರ್, ಫೈಲನ್ನು ಕೊನೆಗೆ ಇಟ್ಟುಕೊಳ್ಳಿ. 9 ಗಂಟೆಗೆ ರೋಗಿಗಳು ಬರುವಾಗ ನಿಮ್ಮ ನರ್ಸ್ ಮೇಡಂ ಇಂಜೆಕ್ಷನ್ ಟೇಬಲ್ ಪಕ್ಕ ಸುಮ್ಮನೆ ನಿಲ್ಲಲಿ. ಹತ್ತು ಇಂಜೆಕ್ಷನ್ ಆಗುವವರೆಗೆ ಏನೂ ಹೇಳುವುದು ಬೇಡ, ನೋಡಿದರೆ ಸಾಕು. ಮೊದಲ ಎರಡು ಮೂರಕ್ಕೆ ಎಲ್ಲರೂ ಎಚ್ಚರದಿಂದ ಇರುತ್ತಾರೆ, ದಿನನಿತ್ಯದ ಅಭ್ಯಾಸ ಕಾಣುವುದು ಆಮೇಲೆ.

ನೋಡಬೇಕಾದ್ದು ಇಷ್ಟು. ಪ್ರತಿ ರೋಗಿಗೆ ಮೊದಲು ಕೈ ಶುದ್ಧ ಆಯಿತಾ? ಹ್ಯಾಂಡ್‌ರಬ್ ಆದರೆ ಕೈ ಎಲ್ಲ ಕಡೆ ಒದ್ದೆಯಾಗಿ 20–30 ಸೆಕೆಂಡು ಉಜ್ಜಬೇಕು, ಸೋಪು ನೀರಾದರೆ 40–60 ಸೆಕೆಂಡು. ಸಿರಿಂಜ್ ಪ್ಯಾಕೆಟನ್ನು ರೋಗಿಯ ಎದುರೇ ಒಡೆಯುತ್ತಾರಾ? ಸಲೈನ್ ಬಾಟಲಿಯ ಬಿರಡೆಗೆ ಸೂಜಿ ಚುಚ್ಚಿ ಹಾಗೇ ಬಿಟ್ಟು, ಔಷಧಿ ಪುಡಿ ಕರಗಿಸಲಿಕ್ಕೆ ಅದರಿಂದಲೇ ಎಲ್ಲರಿಗೂ ಎಳೆಯುವ ಪದ್ಧತಿ ಉಂಟಾ? ಇದು ಕಂಡರೆ ಅಲ್ಲೇ ನಿಲ್ಲಿಸಬೇಕು. ಒಬ್ಬರಿಗೆ ಬಳಸಿದ ಸಿರಿಂಜ್ ಒಂದೇ ಸಲ ಅದಕ್ಕೆ ತಾಗಿದರೂ ಆಮೇಲೆ ಬರುವವರಿಗೆಲ್ಲ ಹೆಪಟೈಟಿಸ್ ಬಿ, ಸಿ ಹೋಗುವ ದಾರಿ ತೆರೆಯುತ್ತದೆ. ಬಿ ವೈರಸ್ ಒಣಗಿದ ರಕ್ತದಲ್ಲೂ ಒಂದು ವಾರ ಬದುಕಿರುತ್ತದೆ. ಪುಡಿ ಕರಗಿಸಲಿಕ್ಕೆ 5 ಅಥವಾ 10 ಮಿ.ಲೀ.ನ ಸಣ್ಣ ಸ್ಟೆರೈಲ್ ವಾಟರ್ ಆಂಪೂಲ್, ಒಬ್ಬರಿಗೆ ಒಂದು.

ಮಲ್ಟಿಡೋಸ್ ವಯಲ್ (ಹಲವು ಸಲ ಮದ್ದು ಎಳೆಯುವ ಬಾಟಲಿ) ಇದ್ದರೆ ತೆರೆದ ತಾರೀಕು ಅದರ ಮೇಲೆಯೇ ಬರೆದಿರಬೇಕು. ಕಂಪನಿ ಕಡಿಮೆ ಅವಧಿ ಹೇಳದಿದ್ದರೆ 28 ದಿನಕ್ಕೆ ಬಿಸಾಡಬೇಕು. ಮರಗಟ್ಟಿಸುವ ಮದ್ದಾದ ಲಿಗ್ನೊಕೇನ್ ಬಾಟಲಿಯಲ್ಲಿ ಈ ತಪ್ಪು ಹೆಚ್ಚು, ಯಾಕೆಂದರೆ ಅದು ಹೊಲಿಗೆ ಕೋಣೆಯ ಮೂಲೆಯಲ್ಲಿ ಇರುತ್ತದೆ. ಸ್ಪಿರಿಟ್‌ನಲ್ಲಿ ನೆನೆಸಿಟ್ಟ ಹತ್ತಿ ಉಂಡೆಗಳ ಡಬ್ಬಿ ಬೇಡ. ಮುಚ್ಚಳ ತೆಗೆದು ಹಾಕಿ ಮಾಡುವಾಗ ಸ್ಪಿರಿಟ್ ಆರುತ್ತದೆ, ಪ್ರತಿ ಸಲ ಕೈಯೂ ಒಳಗೆ ಹೋಗುತ್ತದೆ. ಒಂಟಿ ಸ್ವ್ಯಾಬ್ ಪ್ಯಾಕೆಟ್, ಇಲ್ಲವೇ ಒಣ ಹತ್ತಿಗೆ ಆಗಲೇ ಸ್ಪಿರಿಟ್ ಹಾಕಿದ್ದು ಸರಿ. ಶುಗರ್ ನೋಡುವಾಗ ಬೆರಳಿಗೆ ಚುಚ್ಚುವ ಪೆನ್ನನ್ನೂ ಗಮನಿಸಿ. ಸೂಜಿ ಬದಲಿಸಿದರೂ ಪೆನ್ನಿನ ತುದಿಗೆ ರಕ್ತ ಅಂಟಿರುತ್ತದೆ. ಕ್ಲಿನಿಕ್‌ನಲ್ಲಿ ಒಮ್ಮೆ ಬಳಸಿ ಬಿಸಾಡುವ ಲ್ಯಾನ್ಸೆಟ್ ಮಾತ್ರ ಇರಬೇಕು, ಗ್ಲುಕೋಮೀಟರನ್ನು ಪ್ರತಿ ರೋಗಿಯ ನಂತರ ಒರೆಸಬೇಕು.

ಚುಚ್ಚಿದ ಮೇಲೆ ಸೂಜಿ ಎಲ್ಲಿಗೆ ಹೋಗುತ್ತದೆ? ಮುಚ್ಚಳ ಪುನಃ ಹಾಕಬಾರದು. ಸೂಜಿ ಕತ್ತರಿಸುವ ಹಬ್ ಕಟರ್ ಕೈಗೆ ಎಟಕುವಲ್ಲಿ ಇರಬೇಕು, ಪಕ್ಕದ ಕೋಣೆಯಲ್ಲಿದ್ದರೆ ಸೂಜಿ ಟ್ರೇಯಲ್ಲಿ ರಾಶಿ ಬೀಳುತ್ತದೆ. ಸೂಜಿ, ಬ್ಲೇಡ್ ಚುಚ್ಚಿ ಹೊರಬಾರದಂಥ ಬಿಳಿ ಡಬ್ಬಿಗೆ. ಸೂಜಿ ತೆಗೆದ ಸಿರಿಂಜ್, ಡ್ರಿಪ್ ಸೆಟ್, ಗ್ಲೌಸ್ ಕೆಂಪು ಚೀಲಕ್ಕೆ. ರಕ್ತ ತಾಗಿದ ಹತ್ತಿ, ಡ್ರೆಸ್ಸಿಂಗ್, ಅವಧಿ ಮೀರಿದ ಮದ್ದು ಹಳದಿಗೆ. ಗಾಜಿನ ವಯಲ್, ಆಂಪೂಲ್ ನೀಲಿಗೆ. ಬಿಳಿ ಡಬ್ಬಿ ಮುಕ್ಕಾಲು ತುಂಬಿದಾಗ ಮುಚ್ಚಬೇಕು. ಹಳದಿ ಚೀಲವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಹಿಂದಿನ ಬಾಗಿಲಿನ ಹೊರಗೆ, ತೆಂಗಿನ ಬುಡದಲ್ಲಿ, ಬಾವಿ ಕಟ್ಟೆ ಬಳಿ ಒಮ್ಮೆ ಕಣ್ಣು ಹಾಯಿಸಿ. ಕಸ ಒಯ್ಯುವ ಗಾಡಿ ಮಳೆಗೆ ತಪ್ಪಿದ ದಿನ ಚೀಲ ಎಲ್ಲಿತ್ತು ಎಂಬುದು ಅಲ್ಲಿ ತಿಳಿಯುತ್ತದೆ.

ಹೈಪೋಕ್ಲೋರೈಟ್ (ರೋಗಾಣು ಕೊಲ್ಲುವ ಬ್ಲೀಚ್ ದ್ರಾವಣ) ಬಗ್ಗೆ ಕ್ಲೀನಿಂಗ್ ಮಾಡುವ ಅಕ್ಕನನ್ನೇ ಕೇಳಿ: ‘ಎಷ್ಟಕ್ಕೆ ಎಷ್ಟು ನೀರು ಹಾಕ್ತೀರಿ?’ 5 ಶೇಕಡಾದ ಕ್ಯಾನ್ ಆದರೆ 1 ಪಾಲಿಗೆ 4 ಪಾಲು ನೀರು, 10 ಶೇಕಡಾದ್ದಾದರೆ 1ಕ್ಕೆ 9. ಆಗ 1 ಶೇಕಡಾ ದ್ರಾವಣ ಸಿಗುತ್ತದೆ. ಅಂಗಡಿಯವರು ಒಮ್ಮೆ 5, ಇನ್ನೊಮ್ಮೆ 10 ಕೊಟ್ಟರೂ ಅಳತೆ ಲೋಟ ಅದೇ ಇರುತ್ತದೆ, ತಪ್ಪುವುದು ಅಲ್ಲಿ. ದ್ರಾವಣ ದಿನಾ ಹೊಸತಾಗಿ ಮಾಡಬೇಕು. ನಮ್ಮ ಸೆಖೆಗೆ, ಬಿಸಿಲು ಬೀಳುವ ಕಿಟಕಿ ಬದಿಯಲ್ಲಿಟ್ಟರೆ ಕ್ಲೋರಿನ್ ಬೇಗ ಇಳಿಯುತ್ತದೆ. ರಕ್ತ ತೊಳೆಯದ ಕತ್ತರಿ, ಫೋರ್ಸೆಪ್ಸ್ ಅದರಲ್ಲಿ ಮುಳುಗಿಸಿಟ್ಟರೆ ಕ್ಲೋರಿನ್ ರಕ್ತಕ್ಕೇ ಖರ್ಚಾಗುತ್ತದೆ, ಸ್ಟೀಲೂ ತುಕ್ಕು ಹಿಡಿಯುತ್ತದೆ. ಉಪಕರಣಕ್ಕೆ ಮೊದಲು ಡಿಟರ್ಜೆಂಟ್ ಹಾಕಿ ಬ್ರಷ್‌ನಿಂದ ತೊಳೆಯುವುದು, ಆಮೇಲೆ ಒಣಗಿಸಿ ಆಟೋಕ್ಲೇವ್ (ಒತ್ತಡದ ಉಗಿಯಲ್ಲಿ ರೋಗಾಣು ಕೊಲ್ಲುವ ಯಂತ್ರ).

ಇನ್ನು ಆಟೋಕ್ಲೇವ್. ಹೆಚ್ಚಿನ ಕ್ಲಿನಿಕ್‌ಗಳಲ್ಲಿ ಇರುವುದು ಪ್ರೆಶರ್ ಕುಕ್ಕರ್ ಥರದ್ದು. ಅದರ ಗೇಜು 15 ಪೌಂಡ್ ತೋರಿಸಿದ ಮಾತ್ರಕ್ಕೆ ಒಳಗೆ 121 ಡಿಗ್ರಿ ಇದೆ ಎಂದಲ್ಲ. ಒಳಗಿನ ಗಾಳಿ ಅರ್ಧ ಉಳಿದುಬಿಟ್ಟರೆ ಅದೇ 15 ಪೌಂಡಿಗೆ ಸುಮಾರು 112 ಡಿಗ್ರಿ ಅಷ್ಟೆ, ಗಾಳಿ ಬಿಡದೇ ಹೋದರೆ 100ರ ಹತ್ತಿರ. ಆದ್ದರಿಂದ ವಾಲ್ವ್ ತೆರೆದಿಟ್ಟು, ಉಗಿ ಎಡೆಬಿಡದೆ ಹೊರಬರಲು ಶುರುವಾದ ಮೇಲೆ ಇನ್ನೂ ಐದು ನಿಮಿಷ ಬಿಟ್ಟು ಮುಚ್ಚಬೇಕು. ಸಮಯ ಎಣಿಸುವುದು ಒತ್ತಡ 15ಕ್ಕೆ ಬಂದ ಮೇಲೆ: ಬಟ್ಟೆ ಸುತ್ತಿದ ಪ್ಯಾಕಿಗೆ 30 ನಿಮಿಷ, ಸುತ್ತದ ಉಪಕರಣಕ್ಕೆ 15–20. ಡ್ರೆಸ್ಸಿಂಗ್ ಡ್ರಮ್ಮಿನ ಬದಿಯ ಕಿಂಡಿಗಳು ಒಳಗಿಡುವಾಗ ತೆರೆದಿರಬೇಕು, ತೆಗೆದ ಕೂಡಲೇ ಮುಚ್ಚಬೇಕು. ಇದು ಉಲ್ಟಾ ಆಗುವುದು ಬಹಳ. ತುಂಬಿ ತುರುಕಿದ ಡ್ರಮ್ಮಿನ ಮಧ್ಯಕ್ಕೆ ಉಗಿ ತಲುಪುವುದಿಲ್ಲ.

ಪ್ಯಾಕಿನ ಹೊರಗಿನ ಟೇಪಿನ ಗೆರೆ ಕಪ್ಪಾಗಿದ್ದರೆ ಅದು ಆಟೋಕ್ಲೇವ್ ಒಳಗೆ ಹೋಗಿ ಬಂದಿದೆ ಎಂದಷ್ಟೇ ಅರ್ಥ. ಪ್ಯಾಕಿನ ಮಧ್ಯದಲ್ಲಿ ಇಂಡಿಕೇಟರ್ ಸ್ಟ್ರಿಪ್ ಇರಬೇಕು, ವಾರಕ್ಕೊಮ್ಮೆ ಸ್ಪೋರ್ ವಯಲ್ (ಬಿಸಿ ತಡೆಯುವ ಬ್ಯಾಕ್ಟೀರಿಯಾ ಬೀಜಕಗಳಿರುವ ಸಣ್ಣ ಬಾಟಲಿ) ಪರೀಕ್ಷೆ ಆಗಬೇಕು. ಆಟೋಕ್ಲೇವ್ ಮಾಡದ ಒಂದು ವಯಲನ್ನೂ ಜೊತೆಗೇ ಇನ್‌ಕ್ಯುಬೇಟರಿನಲ್ಲಿಟ್ಟು ಅದರ ಬಣ್ಣ ಬದಲಾಯಿತಾ ಎಂದು ನೋಡದಿದ್ದರೆ ಆ ಪರೀಕ್ಷೆಗೆ ಬೆಲೆ ಇಲ್ಲ. ಒಂದು ಪ್ಯಾಕನ್ನು ಕೈಯಲ್ಲಿ ಹಿಡಿದು ನೋಡಿ. ಒದ್ದೆ ಅಥವಾ ತಂಪು ತಂಪಾಗಿದ್ದರೆ ಅದು ಸ್ಟೆರೈಲ್ ಅಲ್ಲ, ಒದ್ದೆ ಬಟ್ಟೆಯ ಮೂಲಕ ರೋಗಾಣು ಒಳಗೆ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಯಾವ ಕ್ಲಿನಿಕ್‌ನಲ್ಲೂ ಇದನ್ನು ನೋಡದೆ ಬರಬಾರದು.

ಮಂಗಳೂರು_ಬಯೋಮೆಡಿಕಲ್:

ಮೇಡಂ ಹೇಳಿದ್ದಕ್ಕೆ ಉಪಕರಣದ ಕಡೆಯಿಂದ ಸೇರಿಸುತ್ತೇನೆ. ಮೊದಲು ಫ್ರಿಜ್, ಯಾಕೆಂದರೆ ಕೆಟ್ಟ ಲಸಿಕೆ ನೋಡಲಿಕ್ಕೆ ಒಳ್ಳೆಯದರ ಹಾಗೇ ಇರುತ್ತದೆ. ಬೇಕಾದ್ದು 2ರಿಂದ 8 ಡಿಗ್ರಿ, ದಿನಕ್ಕೆ ಎರಡು ಸಲ ಬರೆದಿಡಬೇಕು. ಪುಸ್ತಕದಲ್ಲಿ ತಿಂಗಳಿಡೀ ಒಂದೇ ಪೆನ್ನಿನಲ್ಲಿ ‘4, 4, 4’ ಎಂದಿದ್ದರೆ ನಂಬಬೇಡಿ. ನಿಮ್ಮದೇ ಒಂದು ಡಿಜಿಟಲ್ ಥರ್ಮಾಮೀಟರನ್ನು 9 ಗಂಟೆಗೆ ಲಸಿಕೆಗಳ ನಡುವೆ ಇಟ್ಟು, ಹೊರಡುವಾಗ ಅತಿ ಕಡಿಮೆ ಮತ್ತು ಅತಿ ಹೆಚ್ಚು ಎಷ್ಟಾಯಿತು ನೋಡಿ. ಅತಿ ಕಡಿಮೆಯನ್ನೂ ನೋಡಿ ಎಂದು ಒತ್ತಿ ಹೇಳುವುದಕ್ಕೆ ಕಾರಣ ಉಂಟು. ಬಿಸಿಯಾಗುವುದಕ್ಕೆ ಎಲ್ಲರೂ ಹೆದರುತ್ತಾರೆ. ಆದರೆ ಪೆಂಟಾವಲೆಂಟ್, ಹೆಪಟೈಟಿಸ್ ಬಿ, ಟಿಡಿ, ಐಪಿವಿ, ಪಿಸಿವಿ ಒಮ್ಮೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ವಯಲ್ ಮೇಲಿನ ವಿವಿಎಂ ಗುರುತಿನ (ಬಿಸಿ ತಾಗಿದಂತೆ ಬದಲಾಗುವ) ಬಣ್ಣ ಬಿಸಿಯನ್ನು ಮಾತ್ರ ತೋರಿಸುತ್ತದೆ, ಹೆಪ್ಪುಗಟ್ಟಿದ್ದನ್ನು ತೋರಿಸುವುದಿಲ್ಲ. ಮನೆಯ ಫ್ರಾಸ್ಟ್‌ಫ್ರೀ ಫ್ರಿಜ್ ಬಳಸುತ್ತಿದ್ದರೆ ಹಿಂಗೋಡೆಯ ತಣ್ಣನೆ ಗಾಳಿಯ ಕಿಂಡಿಗೆ ತಾಗಿದ ಪೆಟ್ಟಿಗೆಗಳೇ ಹೆಪ್ಪುಗಟ್ಟುವುದು. ಬಾಗಿಲಿನ ಅರೆಯಲ್ಲಿ ಲಸಿಕೆ ಬೇಡ, ಅಲ್ಲಿ ನೀರಿನ ಬಾಟಲಿಗಳಿರಲಿ, ಕರೆಂಟು ಹೋದಾಗ ತಂಪು ಹಿಡಿದಿಡುತ್ತವೆ. ಊಟದ ಡಬ್ಬಿ, ಲ್ಯಾಬಿನ ರಕ್ತದ ಸ್ಯಾಂಪಲ್ ಆ ಫ್ರಿಜ್ಜಿನಲ್ಲಿ ಇರಲೇಬಾರದು. ಸಾಧ್ಯ ಇದ್ದರೆ ಲಸಿಕೆಗೇ ತಯಾರಾದ ಫ್ರಿಜ್ ತರಿಸಿ ಅಂತ ವರದಿಯಲ್ಲಿ ಬರೆಯಿರಿ.

ಗಾಳಿ ಮಳೆಗೆ ಮೆಸ್ಕಾಂ ಲೈನು ಇಡೀ ರಾತ್ರಿ ಹೋದರೆ ಎಂತ ಮಾಡುತ್ತಾರೆ ಎಂದು ಕೇಳಿ. ಫ್ರಿಜ್ ಇನ್ವರ್ಟರ್ ಲೈನಿನಲ್ಲಿ ಉಂಟಾ? ಇಲ್ಲದಿದ್ದರೆ ಯಾರು ಬಂದು ಕೋಲ್ಡ್‌ಬಾಕ್ಸಿಗೆ ಹಾಕುವುದು? ಐಸ್‌ಪ್ಯಾಕನ್ನು ಫ್ರೀಜರಿನಿಂದ ತೆಗೆದು ನೇರ ಲಸಿಕೆ ಪಕ್ಕ ಇಟ್ಟರೆ ಪುನಃ ಹೆಪ್ಪುಗಟ್ಟುತ್ತದೆ. ಕುಲುಕಿದಾಗ ಒಳಗೆ ನೀರಿನ ಸದ್ದು ಕೇಳುವಷ್ಟು ಕರಗಿದ ಮೇಲೆಯೇ ಇಡಬೇಕು. ಬಿಸಿಜಿ, ಎಂಆರ್ ಕಲಸಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಕಲಸಿದ ಸಮಯ ವಯಲ್ ಮೇಲೆ ಇರಬೇಕು.

ಆಕ್ಸಿಜನ್: ಸಿಲಿಂಡರ್ ಇದೆ ಎಂದು ಟಿಕ್ ಹಾಕಬೇಡಿ. ಒಬ್ಬ ಸಿಬ್ಬಂದಿಗೆ ‘ಈಗ ಕೊಡಿ’ ಎಂದು ಹೇಳಿ ಗಡಿಯಾರ ನೋಡಿ. ಕೀ ಸಿಗುವುದಿಲ್ಲ, ಹ್ಯೂಮಿಡಿಫಯರ್ ಬಾಟಲಿ ಬಿರುಕು ಬಿಟ್ಟಿದೆ, ವಾಷರ್ ಹೋಗಿ ಸೋರುತ್ತದೆ, ಮಾಸ್ಕ್ ಬೇರೆ ಕೋಣೆಯಲ್ಲಿದೆ, ಇಂಥದ್ದೇ ಹೊರಬರುತ್ತದೆ. ಒಂದು ನಿಮಿಷದೊಳಗೆ ರೋಗಿಯ ಮುಖಕ್ಕೆ ಬರಬೇಕು. ಬಿ ಟೈಪ್ ಸಿಲಿಂಡರ್ ತುಂಬಿದಾಗ ಗೇಜು 150ರ ಹತ್ತಿರ, ಒಳಗೆ ಸುಮಾರು 1500 ಲೀಟರ್. ಗೇಜು 50 ತೋರಿಸಿದರೆ ಉಳಿದದ್ದು 500 ಲೀಟರ್, ನಿಮಿಷಕ್ಕೆ 10ರಂತೆ ಕೊಟ್ಟರೆ 50 ನಿಮಿಷ. ಉಡುಪಿಗೂ ಮಂಗಳೂರಿಗೂ ನಡುವೆ ಇರುವ ನಿಮ್ಮ ಊರಿನಿಂದ ಮಳೆಯಲ್ಲಿ 108 ಬಂದು ಹೆದ್ದಾರಿ ದಾಟುವ ಸಮಯ ಲೆಕ್ಕ ಹಾಕಿ, 50ಕ್ಕೆ ಇಳಿಯುವ ಮೊದಲೇ ಬದಲಿಸುವ ನಿಯಮ ಇಟ್ಟುಕೊಳ್ಳಿ. ಸಿಲಿಂಡರನ್ನು ಗೋಡೆಗೆ ಸರಪಳಿ ಹಾಕಿ ಕಟ್ಟಿರಬೇಕು, ರೆಗ್ಯುಲೇಟರಿಗೆ ಎಣ್ಣೆ ಗ್ರೀಸು ಮುಟ್ಟಿಸಬಾರದು.

ಬಿಪಿ ಯಂತ್ರಕ್ಕೆ ದೊಡ್ಡ ತೋಳಿನ ಕಫ್ ಉಂಟಾ ನೋಡಿ. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಬಿಪಿ ಹೆಚ್ಚು ತೋರಿಸುತ್ತದೆ, ಬೇಡದ ಮಾತ್ರೆ ಶುರುವಾಗುತ್ತದೆ. ಗಾಳಿ ಬಿಟ್ಟಾಗ ಮುಳ್ಳು ಸೊನ್ನೆಗೆ ಬಾರದ ಯಂತ್ರವನ್ನು ಅಲ್ಲೇ ಬದಿಗಿಡಿ. ಇಸಿಜಿಯ ಹಳೆ ಪಟ್ಟಿಗಳಲ್ಲಿ 1 ಮಿಲಿವೋಲ್ಟಿಗೆ 10 ಮಿ.ಮೀ. ಎತ್ತರದ ಗುರುತು, ಸೆಕೆಂಡಿಗೆ 25 ಮಿ.ಮೀ. ವೇಗ ಅಚ್ಚಾಗಿರಬೇಕು. ಲೀಡ್ ಒಂದರಲ್ಲಿ ಎಲ್ಲ ತಲೆಕೆಳಗಾಗಿ, ಎವಿಆರ್‌ನಲ್ಲಿ ನೆಟ್ಟಗಿದ್ದರೆ ಕೈಯ ವಯರುಗಳು ಅದಲು ಬದಲಾಗಿರುವ ಸಂಭವವೇ ಹೆಚ್ಚು. ಪಟ್ಟಿಯಿಡೀ ಗರಗಸದ ಹಾಗೆ ಒರಟಾಗಿದ್ದರೆ ಅರ್ಥಿಂಗ್ ನೋಡಿಸಿ. ಗ್ಲುಕೋಮೀಟರ್ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿದ್ದರೆ ನಮ್ಮ ತೇವದ ಗಾಳಿಗೆ ಸ್ಟ್ರಿಪ್ ಕೆಟ್ಟು ತಪ್ಪು ಸಂಖ್ಯೆ ಬರುತ್ತದೆ. ನೆಬ್ಯುಲೈಸರ್ ಮಾಸ್ಕ್ ಒಬ್ಬರಿಗೊಂದು.

ಜಿಪಿ_ಕರಾವಳಿ:

ಸ್ವಚ್ಛತೆ ಎಷ್ಟೇ ಚೆನ್ನಾಗಿದ್ದರೂ ಔಷಧೋಪಚಾರ ತಪ್ಪಿದರೆ ಕ್ಲಿನಿಕ್ ಸುರಕ್ಷಿತ ಅಲ್ಲ. ಇದನ್ನು ನೋಡಲು ಡಾಕ್ಟರ ಒಪ್ಪಿಗೆ ಬೇಕು, ರೋಗಿಯ ಹೆಸರು ಮುಚ್ಚಿರಬೇಕು. ನಿಮ್ಮ ಮೂವರ ಜೊತೆ ಹೊರಗಿನ ಒಬ್ಬ ಡಾಕ್ಟರನ್ನು ಕರೆದುಕೊಳ್ಳಿ, ದಾಖಲೆ ಓದುವುದು ಅವರ ಕೆಲಸ.

ಕಳೆದ ಮಳೆಗಾಲದ ಜ್ವರದ 20 ದಾಖಲೆ ತೆಗೆಸಿ, ಡಾಕ್ಟರು ಆರಿಸಿ ಕೊಟ್ಟದ್ದು ಬೇಡ, ಪುಸ್ತಕದಲ್ಲಿ ಪ್ರತಿ ಹತ್ತನೆಯದು. ನಮ್ಮಲ್ಲಿ ಮಲೇರಿಯಾ, ಡೆಂಗ್ಯೂ, ಇಲಿಜ್ವರ ಒಟ್ಟಿಗೇ ಇರುವ ಕಾಲ ಅದು. ಜ್ವರ ಎಷ್ಟು ದಿನದ್ದು, ಉಷ್ಣಾಂಶ, ನಾಡಿ, ಬಿಪಿ ಬರೆದಿದ್ದಾರಾ? ಮಲೇರಿಯಾ ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಅಥವಾ ಕಾರ್ಡ್ ಟೆಸ್ಟ್ ಆಗಿದೆಯಾ? ಕಾರ್ಡನ್ನು ಪೆಟ್ಟಿಗೆಯಲ್ಲಿ ಬರೆದ ನಿಮಿಷಕ್ಕೇ ಓದಬೇಕು, ಗಂಟೆ ಬಿಟ್ಟು ನೋಡಿದಾಗ ಬರುವ ಮಂದ ಗೆರೆ ನಂಬಿಕೆಗೆ ಬಾರದು. ಫಾಲ್ಸಿಪಾರಂ ಮಲೇರಿಯಾ ವಾಸಿಯಾದ ಮೇಲೂ ಕೆಲವು ವಾರ ಕಾರ್ಡ್ ಪಾಸಿಟಿವ್ ಬರುತ್ತಿರುತ್ತದೆ, ಆದ್ದರಿಂದ ಗುಣವಾಯಿತಾ ಎಂದು ನೋಡುವುದಕ್ಕೆ ಸ್ಮಿಯರೇ ಬೇಕು.

ವೈವಾಕ್ಸ್ ಮಲೇರಿಯಾ ಬಂದವರ ಚೀಟಿಯಲ್ಲಿ ಕ್ಲೋರೋಕ್ವಿನ್ 3 ದಿನ, ಪ್ರೈಮಾಕ್ವಿನ್ ಕೆ.ಜಿ.ಗೆ 0.25 ಮಿ.ಗ್ರಾಂ ಪ್ರಕಾರ 14 ದಿನ ಇದೆಯಾ ಎಂಬುದು ಈ ಜಿಲ್ಲೆಗಳ ಕ್ಲಿನಿಕ್‌ಗೆ ಬಹಳ ಒಳ್ಳೆಯ ಅಳತೆಗೋಲು. ಪ್ರೈಮಾಕ್ವಿನ್ ಅರ್ಧಕ್ಕೆ ನಿಂತರೆ ಪಿತ್ತಜನಕಾಂಗದಲ್ಲಿ ಮಲಗಿದ ಪರಾವಲಂಬಿ ವಾರಗಳೋ ತಿಂಗಳುಗಳೋ ಕಳೆದು ಮತ್ತೆ ಏಳುತ್ತದೆ. ಗರ್ಭಿಣಿಯರಿಗೆ, ಒಂದು ವರ್ಷದೊಳಗಿನ ಮಕ್ಕಳಿಗೆ, ಜಿ6ಪಿಡಿ (ಕೆಂಪು ರಕ್ತಕಣದ ಒಂದು ಕಿಣ್ವ) ಕೊರತೆ ಇರುವವರಿಗೆ ಪ್ರೈಮಾಕ್ವಿನ್ ಕೊಡಬಾರದು. ಕೇಳಿದ್ದಾರಾ, ಬರೆದಿದ್ದಾರಾ ನೋಡಿ.

ಜ್ವರಕ್ಕೆ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟ ಚೀಟಿಗಳನ್ನು ಬೇರೆ ಇಡಿ. ಡೆಂಗ್ಯೂ ಇದ್ದರೆ ಇದರಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ, ಪ್ಯಾರಾಸಿಟಮಾಲ್ ಸಾಕು. ‘ಒಂದು ಇಂಜೆಕ್ಷನ್ ಕೊಡಿ ಡಾಕ್ಟ್ರೇ’ ಎಂದು ರೋಗಿಗಳೇ ಒತ್ತಾಯಿಸುವುದು ನಿಜ, ಆದರೆ ಅದಕ್ಕೆ ಇಲ್ಲ ಎನ್ನುವುದೂ ಗುಣಮಟ್ಟದ ಭಾಗ. ಡೆಂಗ್ಯೂ ಸಂಶಯ ಇದ್ದವರಿಗೆ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕಂಡರೆ ತಕ್ಷಣ ಬನ್ನಿ ಎಂದು ತಿಳಿಸಿದ್ದು ದಾಖಲೆಯಲ್ಲಿ ಇರಬೇಕು. ಗದ್ದೆ, ತೋಡಿನಲ್ಲಿ ಕೆಲಸ ಮಾಡಿದ್ದಾರಾ ಎಂಬ ಒಂದು ಪ್ರಶ್ನೆ ಇಲ್ಲದ ಜ್ವರದ ದಾಖಲೆ ಅಪೂರ್ಣ, ಇಲಿಜ್ವರ ತಪ್ಪಿಹೋಗುವುದು ಅಲ್ಲಿಯೇ.

ಇನ್ನು 10 ಡಯಾಬಿಟಿಸ್ ದಾಖಲೆ: ಆರು ತಿಂಗಳಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ವರ್ಷದಲ್ಲಿ ಒಮ್ಮೆ ಪಾದ, ಕಣ್ಣಿನ ರೆಟಿನಾ, ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್. ಸಾಮಾನ್ಯವಾಗಿ ಪಾದವೇ ಬಿಟ್ಟುಹೋಗಿರುತ್ತದೆ.

ಎಮರ್ಜೆನ್ಸಿ ಟ್ರೇಯನ್ನು ಫಾರ್ಮಸಿಸ್ಟ್ ನೋಡಲಿ. ಅಡ್ರಿನಲಿನ್ ಆಂಪೂಲ್ 1 ಮಿ.ಲೀ.ಗೆ 1 ಮಿ.ಗ್ರಾಂ, ಕಂದು ಅಥವಾ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಬಿಸಾಡಬೇಕು. ಅಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ) ದೊಡ್ಡವರದ್ದೂ ಮಕ್ಕಳದ್ದೂ, ಗ್ಲುಕೋಸ್, ಆಸ್ಪಿರಿನ್, ಹೈಡ್ರೋಕಾರ್ಟಿಸೋನ್, ಡ್ರಿಪ್ ಸೆಟ್. ಆಮೇಲೆ ನರ್ಸ್ ಹತ್ತಿರ ಕೇಳಿ: ‘ಇಂಜೆಕ್ಷನ್ ಕೊಟ್ಟ ಎರಡು ನಿಮಿಷಕ್ಕೆ ಮೈಯೆಲ್ಲ ದದ್ದು, ಉಸಿರು ಕಟ್ಟುತ್ತಾ ಉಂಟು, ಬಿಪಿ ಇಳಿದಿದೆ. ಮೊದಲು ಏನು ಕೊಡ್ತೀರಿ?’ ಏವಿಲ್ (ಅಲರ್ಜಿಯ ಮದ್ದು) ಅಥವಾ ಹೈಡ್ರೋಕಾರ್ಟಿಸೋನ್ ಎಂಬ ಉತ್ತರ ಬಂದರೆ ಅದೇ ವಾರ ತರಬೇತಿ ಬೇಕು. ಮೊದಲು ಅಡ್ರಿನಲಿನ್, ದೊಡ್ಡವರಿಗೆ 0.5 ಮಿ.ಲೀ., ತೊಡೆಯ ಹೊರಬದಿಯ ಮಧ್ಯದ ಸ್ನಾಯುವಿಗೆ. ಮಕ್ಕಳಿಗೆ ಕೆ.ಜಿ.ಗೆ 0.01 ಮಿ.ಲೀ. ಸುಧಾರಿಸದಿದ್ದರೆ 5 ನಿಮಿಷಕ್ಕೆ ಪುನಃ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಬೇಕು, ಎಬ್ಬಿಸಿ ನಡೆಸಬಾರದು. ಈ ಅಳತೆಗಳನ್ನು ದೊಡ್ಡ ಅಕ್ಷರದಲ್ಲಿ ಟ್ರೇಯ ಮೇಲ್ಗಡೆ ಗೋಡೆಗೆ ಅಂಟಿಸಿ.

ಪಡುಬಿದ್ರಿ_ಟ್ರಸ್ಟಿ:

ಮೂವರಿಗೂ ಧನ್ಯವಾದ. ಎರಡು ವಿಷಯ ಕೇಳಲಿಕ್ಕೆ ಉಂಟು. ಕಾಗದಪತ್ರದಲ್ಲಿ ನಾನು ನೋಡಲೇಬೇಕಾದ್ದು ಯಾವುದು? ಡಾಕ್ಟರು ಕೆಲವು ಮಾತ್ರೆಗಳನ್ನು ತಾವೇ ಕೊಡುತ್ತಾರೆ, ಅದಕ್ಕೆ ಲೈಸೆನ್ಸ್ ಬೇಕಾ? ಇನ್ನೊಂದು, ಸಿಬ್ಬಂದಿಗೆ ಸೂಜಿ ಚುಚ್ಚಿದರೆ ಏನು ವ್ಯವಸ್ಥೆ ಇರಬೇಕು?

ನೋಂದಣಿ_ವಿಭಾಗ_ಅನುಭವಿ:

ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗೆ 2007ರ ಕೆಪಿಎಂಇ ಕಾಯ್ದೆ ಅನ್ವಯಿಸುತ್ತದೆ. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ನೋಂದಣಿ ಪತ್ರ ಮತ್ತು ದರಪಟ್ಟಿ ರೋಗಿಗಳಿಗೆ ಕಾಣುವಲ್ಲಿ ತೂಗುಹಾಕಿರಬೇಕು. ಪತ್ರದಲ್ಲಿ ಬರೆದ ಸೇವೆಗಳೂ ಕಣ್ಣಿಗೆ ಕಂಡ ಸೇವೆಗಳೂ ಒಂದೇನಾ ಎಂದು ಹೋಲಿಸಿ. ಕನ್ಸಲ್ಟೇಶನ್ ಎಂದು ನೋಂದಾಯಿಸಿ, ಆಮೇಲೆ ಲ್ಯಾಬ್ ಸೇರಿಸಿ, ಪತ್ರ ಬದಲಿಸದೇ ಇರುವುದು ಸಾಮಾನ್ಯ.

ಡಾಕ್ಟರ ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಚೀಟಿಯಲ್ಲೂ ರಶೀದಿಯಲ್ಲೂ ಇರಬೇಕು, ಐದು ವರ್ಷಕ್ಕೊಮ್ಮೆ ಆಗಬೇಕಾದ ನವೀಕರಣ ಆಗಿದೆಯಾ ನೋಡಿ. ಡಾಕ್ಟರು ರಜೆಯಲ್ಲಿದ್ದಾಗ ಬರುವ ಬದಲಿ ಡಾಕ್ಟರ ಸಂಖ್ಯೆಯನ್ನೂ ಕೇಳಿ. ಅದೇ ಸಾಮಾನ್ಯವಾಗಿ ಫೈಲಿನಲ್ಲಿ ಇರುವುದಿಲ್ಲ.

ಕಸಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಸಂಸ್ಕರಣಾ ಘಟಕದ ಜೊತೆ ಒಪ್ಪಂದ, ಚೀಲಕ್ಕೆ ಬಾರ್‌ಕೋಡ್, ಪ್ರತಿ ವರ್ಷ ಜೂನ್ 30ರೊಳಗೆ ಹಿಂದಿನ ವರ್ಷದ ವರದಿ. ಲೆಕ್ಕಪತ್ರದವರಾದ ನೀವು ಒಂದು ಕೆಲಸ ಮಾಡಿ: ತಿಂಗಳಲ್ಲಿ ಖರೀದಿಸಿದ ಸಿರಿಂಜ್ ಎಷ್ಟು, ರಿಜಿಸ್ಟರಿನಲ್ಲಿ ಕೊಟ್ಟ ಇಂಜೆಕ್ಷನ್ ಎಷ್ಟು, ಗಾಡಿಗೆ ಹೋದ ಕೆಂಪು ಚೀಲದ ತೂಕ ಎಷ್ಟು ಎಂದು ಪಕ್ಕಪಕ್ಕ ಬರೆಯಿರಿ. ಇಂಜೆಕ್ಷನ್ ಹೆಚ್ಚು, ಸಿರಿಂಜ್ ಕಡಿಮೆ ಎಂದಾದರೆ ಅದಕ್ಕಿಂತ ಗಂಭೀರ ವಿಷಯ ಬೇರೆ ಇಲ್ಲ. ಖರೀದಿ ಸರಿಯಿದ್ದು ತೂಕ ತೀರಾ ಕಡಿಮೆ ಇದ್ದರೆ ಕಸ ಬೇರೆಲ್ಲೋ ಹೋಗುತ್ತಾ ಉಂಟು.

ತನ್ನದೇ ರೋಗಿಗಳಿಗೆ ಡಾಕ್ಟರು ಮದ್ದು ಕೊಡುವುದಕ್ಕೆ ಡ್ರಗ್ಸ್ ನಿಯಮಗಳ ಶೆಡ್ಯೂಲ್ ಕೆ ವಿನಾಯಿತಿ ಉಂಟು, ಆದರೆ ತೆರೆದ ಅಂಗಡಿಯಂತೆ ಹೊರಗಿನವರ ಚೀಟಿಗೆ ಮಾರುವಂತಿಲ್ಲ. ಬಿಡಿ ಮಾತ್ರೆಯನ್ನು ಹೆಸರಿಲ್ಲದ ಕಾಗದದ ಪೊಟ್ಟಣದಲ್ಲಿ ಕೊಡುತ್ತಿದ್ದರೆ ನಿಲ್ಲಿಸಬೇಕು. ಮದ್ದಿನ ಹೆಸರು, ಪ್ರಮಾಣ, ಎಷ್ಟು ಸಲ, ಅವಧಿ ಮುಗಿಯುವ ತಾರೀಕು ಪೊಟ್ಟಣದ ಮೇಲೆ ಇರಲಿ. ನಾಳೆ ಅಲರ್ಜಿಯಾಗಿ ಆ ರೋಗಿ ಮಂಗಳೂರಿನ ವೆನ್ಲಾಕಿಗೋ ಉಡುಪಿಯ ಅಜ್ಜರಕಾಡು ಆಸ್ಪತ್ರೆಗೋ ಹೋದರೆ ಯಾವ ಮಾತ್ರೆ ತಿಂದರು ಎಂದು ಅಲ್ಲಿಯವರಿಗೆ ತಿಳಿಯಬೇಕು.

ಉಡುಪಿ_ಸೋಂಕು_ನಿಯಂತ್ರಣ_ನರ್ಸ್:

ಸೂಜಿ ಚುಚ್ಚಿದ್ದರ ಬಗ್ಗೆ. ಕ್ಲೀನಿಂಗ್ ಅಕ್ಕ ಸೇರಿ ಎಲ್ಲ ಸಿಬ್ಬಂದಿಗೂ ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್, ಟೆಟನಸ್ ಆಗಿರಬೇಕು, ತ್ಯಾಜ್ಯ ನಿಯಮದಲ್ಲೇ ಅದು ಉಂಟು. ಮೂರನೇ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಆಂಟಿಬಾಡಿ 10ಕ್ಕಿಂತ ಮೇಲಿದೆಯಾ ಎಂದು ನೋಡಿಸಿದರೆ ಉತ್ತಮ. ಚುಚ್ಚಿದ ಕೂಡಲೇ ಸೋಪು ನೀರಿನಲ್ಲಿ ತೊಳೆಯುವುದು, ಹಿಂಡಬಾರದು, ಹೈಪೋಕ್ಲೋರೈಟ್ ಸುರಿಯಬಾರದು. ಎಚ್‌ಐವಿ ಮದ್ದು ಬೇಕಿದ್ದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. ರಾತ್ರಿ 9ಕ್ಕೆ ಚುಚ್ಚಿದರೆ ಯಾವ ಆಸ್ಪತ್ರೆಗೆ, ಯಾರ ಗಾಡಿಯಲ್ಲಿ, ಖರ್ಚು ಯಾರದ್ದು ಎಂದು ಬರೆದ ಹಾಳೆ ಇಂಜೆಕ್ಷನ್ ಕೋಣೆಯಲ್ಲಿ ಇರಲಿ. ರೋಗಿಯ ರಕ್ತವನ್ನೂ ಒಪ್ಪಿಗೆ ಪಡೆದು ಪರೀಕ್ಷಿಸಬೇಕು. ಚುಚ್ಚಿದ್ದನ್ನು ಹೇಳಿದವರಿಗೆ ಬೈದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ, ಇದನ್ನು ಡಾಕ್ಟರಿಗೆ ನೇರವಾಗಿ ತಿಳಿಸಿ.

ವರದಿ ಬರೆಯುವಾಗ ಅದೇ ದಿನ ನಿಲ್ಲಿಸಬೇಕಾದ್ದನ್ನು ಹೊರಡುವ ಮೊದಲೇ ಬಾಯಲ್ಲಿ ಹೇಳಿ: ಸಲೈನ್ ಬಾಟಲಿಯ ಸೂಜಿ, ಹೆಪ್ಪುಗಟ್ಟಿದ ಲಸಿಕೆ, ಖಾಲಿ ಸಿಲಿಂಡರ್, ಇಲ್ಲದ ಅಡ್ರಿನಲಿನ್. ಫ್ರಿಜ್ ಬದಲಿಸುವುದು, ದಾಖಲೆ ಬರೆಯುವ ಕ್ರಮ, ಇಂಥದ್ದಕ್ಕೆ ಒಬ್ಬೊಬ್ಬರ ಹೆಸರು ಮತ್ತು ತಾರೀಕು ಹಾಕಿ. ಎರಡನೇ ಭೇಟಿಯನ್ನು ಜುಲೈಯಲ್ಲಿ, ಸೋಮವಾರ ಬೆಳಿಗ್ಗೆ ಇಟ್ಟುಕೊಳ್ಳಿ. ಜ್ವರದವರ ಸಾಲು ಹೊರಗಿನವರೆಗೆ ಇರುತ್ತದೆ, ವಾರಾಂತ್ಯದ ಕಸವೂ ಅಲ್ಲೇ ಇರುತ್ತದೆ.